ಕರ್ನಲ್ ನೀವೇ ಕಟ್ಟುತ್ತೀರಾ? ಮೊದಲು ಡಿಸ್ಕ್‌ವರೆಗಿನ ದಾರಿ ನೋಡಿಕೊಳ್ಳಿ

ಲಿನಕ್ಸ್ ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಅದನ್ನು ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡಿ, ರೀಬೂಟ್ ಕೊಟ್ಟು, ಪರದೆ ಮೇಲೆ ‘ಕರ್ನಲ್ ಪ್ಯಾನಿಕ್’ (ಮುಂದೆ ಹೋಗಲಾಗದೆ ಕರ್ನಲ್ ನಿಂತುಬಿಟ್ಟಿದೆ) ಅಂತ ಬಂತು ಅಂದರೆ ಜನ ಮೊದಲು ಬೈಯುವುದು ಗ್ರಬ್‌ಗೆ, ಅಂದರೆ ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್‌ಗೆ. ಆಮೇಲೆ ಕಂಪೈಲರ್‌ಗೆ. ಪಾಪ, ಎರಡರದ್ದೂ ತಪ್ಪಿರುವುದಿಲ್ಲ. ಕರ್ನಲ್‌ನಲ್ಲಿ ಏನೇನು ಇರಬೇಕು ಎಂದು ಆರಿಸುವ ಮೆನು ತೆರೆದು ಕೂತಾಗ ‘ಇದೇನೋ ಗೊತ್ತಿಲ್ಲ, ನನಗೆ ಬೇಡ’ ಎಂದು ತೆಗೆದುಹಾಕಿದ ಯಾವುದೋ ಒಂದು ಸಾಲು ಇರುತ್ತದಲ್ಲ, ಅದರ ಕೆಲಸ ಅದು. ಎಷ್ಟೋ ಜನ ಇದೇ ಜಾಗದಲ್ಲಿ ಎಡವುವುದನ್ನು ನೋಡಿ ನೋಡಿ ಬರೆಯುತ್ತಿದ್ದೇನೆ. ಹಾಗಾಗಿ ಸುಲಭದ ಹಂತಗಳನ್ನು ಒಂದೊಂದು ಸಾಲಿನಲ್ಲಿ ಮುಗಿಸುತ್ತೇನೆ, ಡಿಸ್ಕ್ ವಿಷಯ ಬಂದಾಗ ಮಾತ್ರ ಸ್ವಲ್ಪ ಜಾಸ್ತಿ ಕೊರೆಯುತ್ತೇನೆ.

ಶುರು ಮಾಡುವ ಮೊದಲು ಒಂದು ಮಾತು. ಹೊಸ ಲ್ಯಾಪ್‌ಟಾಪ್‌ನಲ್ಲಿ ವೈಫೈ ಸಿಗುತ್ತಿಲ್ಲ ಎನ್ನುವ ಒಂದೇ ಕಾರಣಕ್ಕೆ ಕರ್ನಲ್ ಕಟ್ಟಲು ಹೊರಡಬೇಡಿ. ನಿಮ್ಮ ಡಿಸ್ಟ್ರೋ (ಡೆಬಿಯನ್, ಉಬುಂಟು ಥರದ ಲಿನಕ್ಸ್ ವಿತರಣೆ) ಕೊಡುವ ಹೊಸ ಕರ್ನಲ್ ಪ್ಯಾಕೇಜ್ ಹಾಕಿ, ಚಿಪ್‌ಗಳ ಒಳಗೆ ಓಡುವ ಕೋಡ್ ಇರುವ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಅಪ್‌ಡೇಟ್ ಮಾಡಿ ನೋಡಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನವರಂತೂ ತಮ್ಮ ದಾಖಲೆಯಲ್ಲೇ ಸ್ವಂತ ಕರ್ನಲ್ ಕಟ್ಟಬೇಡಿ, ಜೆನೆರಿಕ್ ಕರ್ನಲ್ ಸಾಕು ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ಕಟ್ಟಲೇಬೇಕು ಅಂದರೆ ಮುಂದೆ ಓದಿ.

1. ಯಂತ್ರದೊಳಗೆ ಏನಿದೆ ಅಂತ ಯಂತ್ರವನ್ನೇ ಕೇಳಿ

ಡಬ್ಬದ ಮೇಲೆ ಬರೆದಿದ್ದನ್ನು ನಂಬಬೇಡಿ. ಈಗ ಸರಿಯಾಗಿ ಓಡುತ್ತಿರುವ ಡಿಸ್ಟ್ರೋ ಕರ್ನಲ್‌ನಲ್ಲಿ ಇದ್ದಾಗಲೇ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಓಡಿಸಿ, ಬಂದದ್ದನ್ನೆಲ್ಲ ಒಂದು ಫೈಲ್‌ಗೆ ಉಳಿಸಿಕೊಳ್ಳಿ. ಪ್ರತಿ ಸಾಧನದ ಮುಂದೆ ಚೌಕ ಕಂಸದಲ್ಲಿ 10ಇಸಿ:8168 ಎನ್ನುವಂಥ ಒಂದು ಜೋಡಿ ಇರುತ್ತದೆ. ಮೊದಲ ನಾಲ್ಕು ಅಕ್ಷರ ತಯಾರಕರದು, ಮುಂದಿನ ನಾಲ್ಕು ಚಿಪ್‌ನದು. 10ಇಸಿ ಅಂದರೆ ರಿಯಲ್‌ಟೆಕ್, 8086 ಅಂದರೆ ಇಂಟೆಲ್, 1002 ಅಂದರೆ ಎಎಮ್‌ಡಿ ಗ್ರಾಫಿಕ್ಸ್. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲಿನಲ್ಲಿ ಡ್ರೈವರ್ (ಆ ಸಾಧನವನ್ನು ನಡೆಸುವ ಕೋಡ್) ಹೆಸರು ಬರುತ್ತದೆ. ಮೇಲಿನ ಚಿಪ್ ಆದರೆ ಸಾಮಾನ್ಯವಾಗಿ ಆರ್8169. ನಿಮಗೆ ಬೇಕಾಗಿರುವುದು ಈ ಹೆಸರುಗಳೇ. ಯುಎಸ್‌ಬಿ ಸಾಧನಗಳ ಡ್ರೈವರ್ ಹೆಸರನ್ನು ‘ಎಲ್‌ಎಸ್‌ಯುಎಸ್‌ಬಿ -ಟಿ’ ತೋರಿಸುತ್ತದೆ.

ಡಬ್ಬ ನಂಬಬೇಡಿ ಅಂದದ್ದು ಸುಮ್ನೆ ಅಲ್ಲ. ಅಗ್ಗದ ಯುಎಸ್‌ಬಿ ವೈಫೈ ಅಡಾಪ್ಟರ್‌ಗಳಲ್ಲಿ ಅದೇ ಹೆಸರು, ಅದೇ ಮಾಡೆಲ್ ನಂಬರ್ ಇಟ್ಟುಕೊಂಡು ಒಳಗಿನ ಚಿಪ್ ಮಾತ್ರ ಬದಲಾಯಿಸಿ ಮಾರುವುದುಂಟು. ಮೊದಲ ಆವೃತ್ತಿಗೆ ಕರ್ನಲ್‌ನಲ್ಲೇ ಡ್ರೈವರ್ ಇರುತ್ತದೆ. ಎರಡನೆಯದಕ್ಕೆ ಎಲ್ಲಿಂದಲೋ ಕೋಡ್ ತಂದು ಪ್ರತಿ ಕರ್ನಲ್ ಬದಲಾದಾಗಲೂ ಮತ್ತೆ ಕಂಪೈಲ್ ಮಾಡಬೇಕು. ಅಂಥದ್ದು ಕೈಗೆ ಸಿಕ್ಕಿದ್ದರೆ ವಾಪಸ್ ಕೊಟ್ಟುಬಿಡಿ. ಅದಕ್ಕೋಸ್ಕರ ಕರ್ನಲ್ ಕಟ್ಟುವುದು ದಂಡ.

2. ಖಾಲಿ ಹಾಳೆಯಿಂದ ಶುರು ಮಾಡಬೇಡಿ

ಸೋರ್ಸ್ ಇಳಿಸಿಕೊಂಡು ಬಿಚ್ಚಿದ ಮೇಲೆ, ಬೂಟ್ ಡೈರೆಕ್ಟರಿಯಲ್ಲಿ ನಿಮ್ಮ ಡಿಸ್ಟ್ರೋ ಇಟ್ಟಿರುವ ಕಾನ್ಫಿಗ್ ಫೈಲನ್ನು (ಕರ್ನಲ್ ಆಯ್ಕೆಗಳ ಪಟ್ಟಿ) ಸೋರ್ಸ್ ಡೈರೆಕ್ಟರಿಗೆ ‘.ಕಾನ್ಫಿಗ್’ ಎಂಬ ಹೆಸರಿನಲ್ಲಿ ಕಾಪಿ ಮಾಡಿ. ಚುಕ್ಕಿ ಮರೆಯಬೇಡಿ. ನಂತರ ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’. ಹಳೆಯ ಆಯ್ಕೆಗಳೆಲ್ಲ ಹಾಗೇ ಉಳಿದು, ಹೊಸ ಆಯ್ಕೆಗಳಿಗೆ ಮಾತ್ರ ಡೀಫಾಲ್ಟ್ ಉತ್ತರ ತುಂಬಿಕೊಳ್ಳುತ್ತದೆ.

ಅಂತರ್ಜಾಲದಲ್ಲಿ ಯಾರೋ ‘ಅತ್ಯಂತ ವೇಗದ ಕಾನ್ಫಿಗ್’ ಅಂತ ಹಾಕಿರುವ ಫೈಲ್ ಇಳಿಸಿಕೊಳ್ಳುವ ಶಾರ್ಟ್‌ಕಟ್ ಇದೆಯಲ್ಲ, ಅದು ಬೇಡವೇ ಬೇಡ. ಅದು ಅವರ ಯಂತ್ರಕ್ಕೆ ಹೊಂದುತ್ತದೆ. ನಿಮ್ಮ ಡಿಸ್ಕ್ ಕಂಟ್ರೋಲರ್ ಯಾವುದು ಅಂತ ಅವರಿಗೇನು ಗೊತ್ತು?

ಡೆಬಿಯನ್, ಉಬುಂಟು ಬಳಸುವವರಿಗೆ ಎರಡು ಸಣ್ಣ ಕಿರಿಕಿರಿ ಇವೆ. ಅವರ ಕಾನ್ಫಿಗ್‌ನಲ್ಲಿ ಸರ್ಟಿಫಿಕೇಟ್ ಫೈಲ್‌ನ ದಾರಿ ಬರೆದಿರುತ್ತದೆ, ಆ ಫೈಲ್ ನಿಮ್ಮ ಬಳಿ ಇರುವುದಿಲ್ಲ. ಕಂಪೈಲ್ ಶುರುವಾಗಿ ಸ್ವಲ್ಪ ಹೊತ್ತಿಗೆ ‘ನೋ ರೂಲ್ ಟು ಮೇಕ್ ಟಾರ್ಗೆಟ್’ ಅಂತ ನಿಲ್ಲುತ್ತದೆ. ಕ್ರಿಪ್ಟೋಗ್ರಾಫಿಕ್ ಎಪಿಐ ಮೆನುವಿನ ಒಳಗೆ ಸರ್ಟಿಫಿಕೇಟ್ ವಿಭಾಗಕ್ಕೆ ಹೋಗಿ ಟ್ರಸ್ಟೆಡ್ ಕೀಸ್, ರಿವೊಕೇಶನ್ ಕೀಸ್ ಎರಡನ್ನೂ ಖಾಲಿ ಮಾಡಿ. ಇನ್ನೊಂದು ಡಿಬಗ್ ಇನ್ಫೋ, ಅಂದರೆ ದೋಷ ಹುಡುಕಲು ಸೇರಿಸುವ ಮಾಹಿತಿ. ಇದು ಚಾಲೂ ಇದ್ದರೆ ಕಂಪೈಲ್ ಮಾಡುವಾಗ ಹತ್ತಾರು ಜಿಬಿ ಜಾಗ ನುಂಗುತ್ತದೆ. ಆಫ್ ಮಾಡಿ.

3. ಎಲ್ಲ ಸಾಧನ ಚುಚ್ಚಿದ ಮೇಲೆ ಜರಡಿ ಹಿಡಿಯಿರಿ

ಡಿಸ್ಟ್ರೋ ಕಾನ್ಫಿಗ್‌ನಲ್ಲಿ ಲೋಕದ ಸಾಧನಗಳಿಗೆಲ್ಲ ಡ್ರೈವರ್ ಇರುತ್ತದೆ. ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಅಂದರೆ ಸದ್ಯ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು (ಪ್ರತ್ಯೇಕ ಫೈಲ್ ಆಗಿರುವ ಡ್ರೈವರ್ ತುಂಡುಗಳನ್ನು) ನೋಡಿ, ಉಳಿದ ಮಾಡ್ಯೂಲ್‌ಗಳನ್ನು ತೆಗೆದುಬಿಡುತ್ತದೆ. ಗಂಟೆಗಟ್ಟಲೆ ಆಗುವ ಕಂಪೈಲ್ ಎಷ್ಟೋ ಬೇಗ ಮುಗಿಯುತ್ತದೆ. ಒಳ್ಳೆಯ ಸಾಧನವೇ, ಆದರೆ ಅದಕ್ಕೆ ‘ಸದ್ಯ’ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಆ ಹೊತ್ತಿಗೆ ಪೆನ್‌ಡ್ರೈವ್ ಚುಚ್ಚಿರಲಿಲ್ಲ ಅಂದರೆ ಯುಎಸ್‌ಬಿ ಸ್ಟೋರೇಜ್ ಹೋಯಿತು. ಹೆಡ್‌ಫೋನ್ ಜೋಡಿಸಿರಲಿಲ್ಲ ಅಂದರೆ ಬ್ಲೂಟೂತ್‌ನ ಒಂದು ತುಂಡು ಹೋಯಿತು. ಎಕ್ಸ್‌ಫ್ಯಾಟ್ ಕಾರ್ಡ್ ಮೌಂಟ್ ಮಾಡಿರಲಿಲ್ಲ, ವಿಪಿಎನ್ ಹಚ್ಚಿರಲಿಲ್ಲ, ಡಾಕರ್ ಓಡಿಸಿರಲಿಲ್ಲ ಅಂದರೆ ಅವುಗಳ ಮಾಡ್ಯೂಲ್‌ಗಳೂ ಹೋದವು. ಒಂದು ವಾರ ಎಲ್ಲ ಚೆನ್ನಾಗಿರುತ್ತದೆ, ಆಮೇಲೆ ಯಾವತ್ತೋ ವೆಬ್‌ಕ್ಯಾಮ್ ಬೇಕಾದಾಗ ಗೊತ್ತಾಗುತ್ತದೆ.

ಅದಕ್ಕೇ ಮೊದಲು ನಿಮ್ಮ ಹತ್ತಿರ ಇರುವುದನ್ನೆಲ್ಲ ಚುಚ್ಚಿ, ಮೌಂಟ್ ಮಾಡಿ, ಒಮ್ಮೆ ಬಳಸಿ, ಆಮೇಲೆ ಈ ಕಮಾಂಡ್ ಕೊಡಿ. ಇದರ ತಮ್ಮ ‘ಲೋಕಲ್‌ಯೆಸ್‌ಕಾನ್ಫಿಗ್’ ಅಂತ ಒಂದಿದೆ, ಎಲ್ಲವನ್ನೂ ಕರ್ನಲ್ ಒಳಗೇ ಸೇರಿಸುತ್ತದೆ. ಅದನ್ನು ಮುಟ್ಟಬೇಡಿ. ಏಕೆ ಅಂತ ಫರ್ಮ್‌ವೇರ್ ಬಂದಾಗ ಹೇಳುತ್ತೇನೆ.

4. ಡಿಸ್ಕ್ ದಾರಿ: ಇಲ್ಲಿ ಅವಸರ ಮಾಡಿದರೆ ಕೆಟ್ಟಿರಿ

‘ಮೇಕ್ ಮೆನುಕಾನ್ಫಿಗ್’ ತೆರೆಯಿರಿ. ಗ್ರಾಫಿಕ್ಸ್ ಮೆನು ‘ಎಕ್ಸ್‌ಕಾನ್ಫಿಗ್’ ಬೇಡ, ಸಾವಿರಾರು ಪ್ರಶ್ನೆ ಕೇಳುವ ಬರೀ ‘ಮೇಕ್ ಕಾನ್ಫಿಗ್’ ಅಂತೂ ಶತ್ರುವಿಗೂ ಬೇಡ. ಪ್ರತಿ ಆಯ್ಕೆಗೂ ಸಾಮಾನ್ಯವಾಗಿ ಮೂರು ಉತ್ತರ. ವೈ ಅಂದರೆ ಕರ್ನಲ್ ಒಳಗೇ. ಎಮ್ ಅಂದರೆ ಪ್ರತ್ಯೇಕ ಮಾಡ್ಯೂಲ್ ಫೈಲ್, ಬೇಕಾದಾಗ ಲೋಡ್ ಆಗುತ್ತದೆ. ಎನ್ ಅಂದರೆ ಇಲ್ಲ.

ಈಗ ಕೇಳಿ. ಮಾಡ್ಯೂಲ್ ಫೈಲ್‌ಗಳು ಇರುವುದು ಎಲ್ಲಿ? ಡಿಸ್ಕ್‌ನಲ್ಲಿ. ಡಿಸ್ಕ್ ಓದುವ ಡ್ರೈವರನ್ನೇ ಮಾಡ್ಯೂಲ್ ಮಾಡಿ ಡಿಸ್ಕ್‌ನಲ್ಲಿ ಇಟ್ಟರೆ ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಇದರಿಂದ ಪಾರಾಗಲು ಎರಡು ದಾರಿ: ಆ ಡ್ರೈವರ್‌ಗಳನ್ನು ವೈ ಮಾಡುವುದು, ಇಲ್ಲವೇ ಅವನ್ನು ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಗಂಟಿನಲ್ಲಿ ಕಟ್ಟಿ ಬೂಟ್‌ಲೋಡರ್ ಕೈಯಲ್ಲೇ ಮೆಮರಿಗೆ ತರಿಸುವುದು. ನನ್ನ ಸಲಹೆ: ಎರಡನ್ನೂ ಮಾಡಿ. ಡಿಸ್ಕ್ ದಾರಿಯಲ್ಲಿ ಬರುವುದೆಲ್ಲ ವೈ, ಮತ್ತೆ ಇನಿಟ್‌ರಾಮ್‌ಎಫ್‌ಎಸ್ ಕೂಡ ಇರಲಿ. ಉಳಿದ ಡ್ರೈವರ್‌ಗಳೆಲ್ಲ ಎಮ್.

‘ಡಿಸ್ಕ್ ದಾರಿ’ ಅಂದರೆ ಒಂದು ಡ್ರೈವರ್ ಅಲ್ಲ, ಒಂದು ಸರಪಳಿ. ಜನ ಅದರಲ್ಲಿ ಒಂದು ಕೊಂಡಿ ಹಿಡಿದು ಉಳಿದದ್ದು ಮರೆಯುತ್ತಾರೆ. ಸಾಟಾ ಡಿಸ್ಕ್ ತೆಗೆದುಕೊಳ್ಳಿ. ಅದರ ಕಂಟ್ರೋಲರ್‌ಗೆ ಬೇಕಾದ ಎಎಚ್‌ಸಿಐ ಡ್ರೈವರ್ ಹಾಕಿದೆ, ಮುಗಿಯಿತು ಅಂದುಕೊಂಡರೆ ಆಗಲಿಲ್ಲ. ಲಿನಕ್ಸ್‌ನಲ್ಲಿ ಸಾಟಾ ಡಿಸ್ಕ್‌ಗಳು ಸ್ಕಸಿ (ಹಳೆಯ ಕಾಲದ ಇನ್ನೊಂದು ಬಗೆಯ ಡಿಸ್ಕ್ ಸಂಪರ್ಕ) ಪದರದ ಮೂಲಕ ಕಾಣಿಸಿಕೊಳ್ಳುತ್ತವೆ, ಆದ್ದರಿಂದ ‘ಸ್ಕಸಿ ಡಿಸ್ಕ್ ಸಪೋರ್ಟ್’ ಕೂಡ ವೈ ಇರಬೇಕು. ‘ನನ್ನ ಬಳಿ ಸ್ಕಸಿ ಡಿಸ್ಕ್ ಇಲ್ಲವಲ್ಲ’ ಎಂದು ಅದನ್ನು ತೆಗೆಯುವವರು ಕಡಿಮೆ ಇಲ್ಲ. ಹೊಸ ಬಗೆಯ ಎನ್‌ವಿಎಮ್‌ಇ ಎಸ್‌ಎಸ್‌ಡಿ ಆದರೆ ‘ಎನ್‌ವಿಎಮ್ ಎಕ್ಸ್‌ಪ್ರೆಸ್ ಬ್ಲಾಕ್ ಡಿವೈಸಸ್’ ಎಂಬ ಆಯ್ಕೆ. ಆದರೆ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಮ್‌ಇ ಡಿಸ್ಕ್, ವಿಎಮ್‌ಡಿ ಎಂಬ ಇನ್ನೊಂದು ಕಂಟ್ರೋಲರ್ ಹಿಂದೆ ಅಡಗಿರುತ್ತದೆ. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ವಿಎಮ್‌ಡಿ ಹೆಸರು ಕಂಡರೆ ಅದನ್ನೂ ವೈ ಮಾಡಿ.

ಅದಾದ ಮೇಲೆ ಫೈಲ್‌ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವಿಧಾನ. ಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್, ಎಕ್ಸ್‌ಎಫ್‌ಎಸ್, ನಿಮ್ಮ ರೂಟ್ (ಇಡೀ ವ್ಯವಸ್ಥೆ ಇರುವ ಮುಖ್ಯ ಪಾರ್ಟಿಶನ್) ಯಾವುದರಲ್ಲಿದೆಯೋ ಅದು ವೈ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರೆ ಡಿವೈಸ್ ಮ್ಯಾಪರ್ ಮತ್ತು ಅದರ ಕ್ರಿಪ್ಟ್ ಟಾರ್ಗೆಟ್, ಜೊತೆಗೆ ಎಇಎಸ್ ಮತ್ತು ಎಕ್ಸ್‌ಟಿಎಸ್ ಎಂಬ ಎನ್‌ಕ್ರಿಪ್ಶನ್ ಆಯ್ಕೆಗಳು ಬೇಕು. ಪಾಸ್‌ವರ್ಡ್ ಕೇಳುವ ಪ್ರೋಗ್ರಾಂ ಓಡಬೇಕಲ್ಲ, ಹಾಗಾಗಿ ಅಲ್ಲಿ ಇನಿಟ್‌ರಾಮ್‌ಎಫ್‌ಎಸ್ ಬೇಕೇ ಬೇಕು.

ಇನ್ನೊಂದು ಬಲೆ ಇದೆ, ಬಲ್ಲವರೂ ಬೀಳುತ್ತಾರೆ. ಎಲ್ಲ ವೈ ಮಾಡಿದ್ದೇನೆ, ಇನಿಟ್‌ರಾಮ್‌ಎಫ್‌ಎಸ್ ಯಾಕೆ ಅಂತ ಕಿತ್ತುಹಾಕುತ್ತಾರೆ. ಬೂಟ್‌ಲೋಡರ್‌ನಲ್ಲಿ ‘ರೂಟ್=ಯುಯುಐಡಿ’ ಅಂತ ಇದ್ದದ್ದು ಹಾಗೇ ಇರುತ್ತದೆ. ಫೈಲ್‌ಸಿಸ್ಟಮ್‌ನ ಯುಯುಐಡಿ (ಅದರದೇ ಆದ ಗುರುತಿನ ಸಂಖ್ಯೆ) ನೋಡಿ ಡಿಸ್ಕ್ ಹುಡುಕುವ ಕೆಲಸ ಕರ್ನಲ್‌ಗೆ ಬರುವುದಿಲ್ಲ, ಅದನ್ನು ಇಷ್ಟು ದಿನ ಮಾಡುತ್ತಿದ್ದದ್ದು ಇನಿಟ್‌ರಾಮ್‌ಎಫ್‌ಎಸ್. ಕರ್ನಲ್‌ಗೆ ನೇರವಾಗಿ ಅರ್ಥವಾಗುವುದು ಪಾರ್ಟ್‌ಯುಯುಐಡಿ, ಅಂದರೆ ಪಾರ್ಟಿಶನ್‌ನ ಗುರುತು. ಡ್ರೈವರ್ ಎಲ್ಲ ಸರಿಯಿದ್ದೂ ಪ್ಯಾನಿಕ್ ಆಗುತ್ತಿದ್ದರೆ ಮೊದಲು ಇದನ್ನೇ ನೋಡಿ.

ಪ್ಯಾನಿಕ್ ಆಯಿತು ಅಂದಾಗ ಸಂದೇಶವನ್ನು ಓದಿ, ಸುಮ್ನೆ ಪವರ್ ಬಟನ್ ಒತ್ತಬೇಡಿ. ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್’ ಎಂಬ ಸಾಲಿನ ಕೊನೆಯಲ್ಲಿ ಕಂಸದೊಳಗೆ ಎರಡು ಅಂಕಿ ಇರುತ್ತವೆ. (0,0) ಇದ್ದರೆ ನೀವು ಹೇಳಿದ ರೂಟ್ ಡಿಸ್ಕ್ ಕರ್ನಲ್‌ಗೆ ಸಿಕ್ಕೇ ಇಲ್ಲ. ಅಲ್ಲಿ (8,2) ಥರ ಏನಾದರೂ ಇದ್ದರೆ ಪಾರ್ಟಿಶನ್ ಸಿಕ್ಕಿದೆ, ಅದರ ಫೈಲ್‌ಸಿಸ್ಟಮ್ ತೆರೆಯಲು ಆಗಿಲ್ಲ. ಸ್ವಲ್ಪ ಮೇಲೆ, ಕಂಡ ಪಾರ್ಟಿಶನ್‌ಗಳ ಪಟ್ಟಿಯನ್ನೂ ಕರ್ನಲ್ ಮುದ್ರಿಸಿರುತ್ತದೆ. ಪಟ್ಟಿಯಲ್ಲಿ ನಿಮ್ಮ ಡಿಸ್ಕ್ ಇಲ್ಲ ಅಂದರೆ ಕಂಟ್ರೋಲರ್ ಕೊಂಡಿ ಕಳಚಿದೆ. ಡಿಸ್ಕ್ ಇದೆ, ಆದರೂ (0,0) ಅಂದರೆ ‘ರೂಟ್=’ ಸಾಲಿನಲ್ಲಿ ತಪ್ಪಿದೆ. ಇಷ್ಟು ನೋಡಿಕೊಂಡರೆ ಕುರುಡು ಕುರುಡಾಗಿ ಮತ್ತೆ ಮತ್ತೆ ಕಂಪೈಲ್ ಮಾಡುವುದು ತಪ್ಪುತ್ತದೆ.

ಈ ಸಂದೇಶ ಕಾಣಬೇಕಾದರೆ ಪರದೆ ಕೆಲಸ ಮಾಡಬೇಕು, ಅಲ್ವಾ? ಗ್ರಾಫಿಕ್ಸ್ ಡ್ರೈವರ್ ಲೋಡ್ ಆಗುವ ಮೊದಲೇ ಅಕ್ಷರ ತೋರಿಸಲು ಸಿಂಪಲ್ ಫ್ರೇಮ್‌ಬಫರ್ ಡ್ರೈವರ್ ಮತ್ತು ಫ್ರೇಮ್‌ಬಫರ್ ಕನ್ಸೋಲ್ ಎರಡನ್ನೂ ವೈ ಮಾಡಿ. ಇಲ್ಲದಿದ್ದರೆ ಪ್ಯಾನಿಕ್ ಆದದ್ದೂ ಗೊತ್ತಾಗದೆ ಕಪ್ಪು ಪರದೆ ನೋಡುತ್ತಾ ಕೂರಬೇಕು.

5. ಮೆನುವಿನಲ್ಲಿ ಆಯ್ಕೆ ಕಾಣುತ್ತಿಲ್ಲವೇ?

ಓರೆ ಗೀಟು (/) ಒತ್ತಿ ಹುಡುಕಿ. ಫಲಿತಾಂಶದಲ್ಲಿ ‘ಡಿಪೆಂಡ್ಸ್ ಆನ್’ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಯಾವುದರ ಮುಂದೆ ಎನ್ ಇದೆಯೋ ಅದನ್ನು ಮೊದಲು ಚಾಲೂ ಮಾಡಬೇಕು, ಆಗ ನಿಮ್ಮ ಆಯ್ಕೆ ಮೆನುವಿನಲ್ಲಿ ಪ್ರತ್ಯಕ್ಷವಾಗುತ್ತದೆ. ಕೆಲವರು ತಾಳ್ಮೆ ಕೆಟ್ಟು ‘.ಕಾನ್ಫಿಗ್’ ಫೈಲನ್ನೇ ಎಡಿಟರ್‌ನಲ್ಲಿ ತೆರೆದು ವೈ ಅಂತ ಬರೆಯುತ್ತಾರೆ. ಅವಲಂಬನೆ ಪೂರ್ತಿಯಾಗಿಲ್ಲದಿದ್ದರೆ ಮುಂದಿನ ಸಲ ಮೇಕ್ ಓಡಿದಾಗ ಆ ಸಾಲು ಸದ್ದಿಲ್ಲದೆ ಮಾಯವಾಗಿರುತ್ತದೆ.

ಲ್ಯಾಪ್‌ಟಾಪ್ ಟಚ್‌ಪ್ಯಾಡ್ ಕೂಡ ಡಿಸ್ಕ್‌ನಂತೆ ಸರಪಳಿಯೇ. ಈಚಿನ ಬಹಳಷ್ಟು ಯಂತ್ರಗಳಲ್ಲಿ ಅದು ಐ2ಸಿ ಎಂಬ ತಂತಿ ಸಂಪರ್ಕದಲ್ಲಿ ಇರುತ್ತದೆ, ಹಾಗಾಗಿ ಐ2ಸಿ-ಎಚ್‌ಐಡಿ ಡ್ರೈವರ್ ಬೇಕು, ಐ2ಸಿ ಕಂಟ್ರೋಲರ್ ಡ್ರೈವರ್ ಬೇಕು, ಚಿಪ್‌ಸೆಟ್‌ನ ಪಿನ್ ಕಂಟ್ರೋಲ್ ಡ್ರೈವರ್ ಬೇಕು. ಒಂದು ಇಲ್ಲದಿದ್ದರೂ ಬಾಣ ಅಲ್ಲಾಡುವುದಿಲ್ಲ.

ಈಗ ಫರ್ಮ್‌ವೇರ್. ಎಎಮ್‌ಡಿ ಗ್ರಾಫಿಕ್ಸ್, ಇಂಟೆಲ್ ವೈಫೈ ಇವಕ್ಕೆ ಡ್ರೈವರ್ ಒಂದೇ ಸಾಲದು, ಚಿಪ್‌ಗೆ ಕಳಿಸಲು ಪ್ರತ್ಯೇಕ ಫರ್ಮ್‌ವೇರ್ ಫೈಲ್ ಬೇಕು. ಡ್ರೈವರ್ ವೈ ಆದರೆ ಅದು ರೂಟ್ ಡಿಸ್ಕ್ ಮೌಂಟ್ ಆಗುವ ಮೊದಲೇ ಎದ್ದು ಫೈಲ್ ಕೇಳುತ್ತದೆ. ಆಗ ಫೈಲ್ ಎಲ್ಲಿಂದ ಬರಬೇಕು? ‘ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫೇಲ್ಡ್ ವಿತ್ ಎರರ್ -2’ ಎಂಬ ಸಂದೇಶ ಬರುತ್ತದೆ. -2 ಅಂದರೆ ಫೈಲ್ ಸಿಗಲಿಲ್ಲ ಎಂದಷ್ಟೇ. ಡ್ರೈವರನ್ನು ಎಮ್ ಮಾಡಿದರೆ ಸಾಮಾನ್ಯವಾಗಿ ಈ ತಲೆನೋವಿಲ್ಲ. ಲೋಕಲ್‌ಯೆಸ್‌ಕಾನ್ಫಿಗ್ ಬೇಡ ಅಂದದ್ದು ಇದಕ್ಕೇ.

6. ಕಂಪೈಲ್, ಇನ್‌ಸ್ಟಾಲ್

ಲೋಕಲ್ ವರ್ಶನ್ ಎಂಬ ಆಯ್ಕೆಯಲ್ಲಿ ಕರ್ನಲ್ ಹೆಸರಿಗೆ ನಿಮ್ಮದೇ ಒಂದು ಬಾಲ ಸೇರಿಸಿ, ಆಗ ಡಿಸ್ಟ್ರೋ ಕರ್ನಲ್‌ನ ಮಾಡ್ಯೂಲ್‌ಗಳ ಮೇಲೆ ನಿಮ್ಮವು ಕೂರುವುದಿಲ್ಲ. ಆಮೇಲೆ ‘ಮೇಕ್ -ಜೆ’ ಜೊತೆ ಪ್ರೊಸೆಸರ್ ಕೋರ್‌ಗಳ ಸಂಖ್ಯೆ, ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್’, ‘ಮೇಕ್ ಇನ್‌ಸ್ಟಾಲ್’. ಡೆಬಿಯನ್ ಥರದ ಡಿಸ್ಟ್ರೋಗಳಲ್ಲಿ ಕೊನೆಯ ಕಮಾಂಡ್ ಇನಿಟ್‌ರಾಮ್‌ಎಫ್‌ಎಸ್ ಕೂಡ ಕಟ್ಟುತ್ತದೆ. ಬೇರೆ ಕಡೆ ಅದನ್ನು ಕಟ್ಟುವ ಡ್ರಾಕಟ್ ಅಥವಾ ಎಮ್‌ಕೆಇನಿಟ್‌ಸಿಪಿಐಒ ಎಂಬ ಪ್ರೋಗ್ರಾಂ ನೀವೇ ಓಡಿಸಬೇಕಾಗಬಹುದು. ಆದದ್ದನ್ನು ಖಾತ್ರಿ ಮಾಡಿಕೊಳ್ಳದೆ ರೀಬೂಟ್ ಮಾಡಬೇಡಿ.

ಸೆಕ್ಯೂರ್ ಬೂಟ್ (ನಂಬಿಕೆಯ ಡಿಜಿಟಲ್ ಸಹಿ ಇದ್ದರೆ ಮಾತ್ರ ಬೂಟ್ ಮಾಡಲು ಬಿಡುವ ವ್ಯವಸ್ಥೆ) ಚಾಲೂ ಇದ್ದರೆ ಸಹಿ ಇಲ್ಲದ ನಿಮ್ಮ ಕರ್ನಲ್ ಏಳುವುದೇ ಇಲ್ಲ. ಸ್ವಂತ ಕೀ ನೋಂದಾಯಿಸಿ ಸಹಿ ಹಾಕಿ, ಇಲ್ಲವಾದರೆ ಅದನ್ನು ಆಫ್ ಮಾಡಿ. ನೀವು ಲಿನಕ್ಸ್ ಬಿಟ್ಟು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುತ್ತಿದ್ದರೆ, ಅಲ್ಲಿ ಕರ್ನಲ್ ಇನ್‌ಸ್ಟಾಲ್ ಮಾಡಿದಾಗ ಹಳೆಯದು ‘ಕರ್ನಲ್.ಓಲ್ಡ್’ ಎಂಬ ಹೆಸರಿನಲ್ಲಿ ತಾನಾಗಿ ಉಳಿಯುತ್ತದೆ. ಆದರೆ ಎರಡನೇ ಸಲ ಇನ್‌ಸ್ಟಾಲ್ ಮಾಡಿದರೆ ಆ ಜಾಗಕ್ಕೆ ನಿಮ್ಮ ಮೊದಲ ಕೆಟ್ಟ ಕರ್ನಲ್ ಬಂದು ಕೂರುತ್ತದೆ, ಒಳ್ಳೆಯದು ಹೋಯಿತು. ಬೇರೆ ಹೆಸರಿನಲ್ಲಿ ಮೊದಲೇ ಒಂದು ಪ್ರತಿ ಎತ್ತಿಡಿ.

ಬೂಟ್ ಆಯಿತಾ? ಮತ್ತೆ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಓಡಿಸಿ, ಮೊದಲು ಉಳಿಸಿಕೊಂಡ ಫೈಲ್ ಜೊತೆ ಹೋಲಿಸಿ. ಯಾವ ಸಾಧನದ ಕೆಳಗೆ ಡ್ರೈವರ್ ಸಾಲು ಕಾಣೆಯಾಗಿದೆಯೋ ಅದನ್ನು ಮೆನುವಿನಲ್ಲಿ ಎಮ್ ಮಾಡಿ, ಮೇಕ್ ಓಡಿಸಿ, ಮಾಡ್ಯೂಲ್ ಇನ್‌ಸ್ಟಾಲ್ ಮಾಡಿ, ಅದನ್ನು ಲೋಡ್ ಮಾಡುವ ಮಾಡ್‌ಪ್ರೋಬ್ ಕಮಾಂಡ್ ಕೊಡಿ. ಎಷ್ಟೋ ಸಲ ರೀಬೂಟ್ ಕೂಡ ಬೇಡ. ಹಳೆಯ ಕರ್ನಲ್ ಮಾತ್ರ ಈಗಲೇ ಅಳಿಸಬೇಡಿ. ಲ್ಯಾಪ್‌ಟಾಪ್ ಮುಚ್ಚಿ, ತೆರೆದು, ಸಸ್ಪೆಂಡ್‌ನಿಂದ ವೈಫೈ ಸಮೇತ ಎದ್ದು ಬಂತು ಅನ್ನುವವರೆಗೂ ಅದು ಗ್ರಬ್ ಮೆನುವಿನಲ್ಲಿ ಇರಲಿ.