ಕಟ್ಟೆ ನೀರಿನ ಗ್ರಾಫ್: ಅಗ್ಗದ ಹೋಸ್ಟಿಂಗ್‌ನಲ್ಲೇ ಓಡಿಸಿದ್ದು

ಮಳೆಗಾಲದಲ್ಲಿ ಮಂಡ್ಯದವರ ಬೆಳಗಿನ ಪ್ರಶ್ನೆ ಒಂದೇ: ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟೆ, ಎಷ್ಟು ಅಡಿ ಆಯ್ತು? ತುಂಬಿದ ಮಟ್ಟ 124.80 ಮುಟ್ಟಿತಾ? ಕೆಆರ್‌ಎಸ್ ಮಟ್ಟ, ಒಳಹರಿವು, ಹೊರಹರಿವು ಮೂರನ್ನೂ ತಮ್ಮ ವೆಬ್‌ಸೈಟ್‌ನಲ್ಲಿ ತೋರಿಸಬೇಕು ಎಂದು, ಗೊಬ್ಬರದಂಗಡಿ ಇಟ್ಟಿರುವ ಗಿರಾಕಿಯೊಬ್ಬರು ವೆಬ್‌ಸೈಟ್ ಮಾಡಿಕೊಡುವ ನನ್ನನ್ನು ಕೇಳಿದರು. ಕೊಡುವುದು ಹನ್ನೆರಡು ಸಾವಿರದ ಆಸುಪಾಸು. ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಬಾಡಿಗೆ ಜಾಗ) ಮಾತ್ರ ಈಗಿರುವ ಅಗ್ಗದ್ದೇ ಸಾಕು ಅಂದರು.

ಮೈಸೂರಿನ ಗೆಳೆಯರು ನಕ್ಕರು. ಸದಾ ಓಡುತ್ತಿರುವ ನೋಡ್ ಸರ್ವರ್ ಬೇಕು, ಅಂಕಿ ಬದಲಾದ ಕ್ಷಣವೇ ಪುಟಕ್ಕೆ ತಳ್ಳುವ ವೆಬ್‌ಸಾಕೆಟ್ ಬೇಕು, ತಿಂಗಳಿಗೆ ಸಾವಿರ, ಒಂದೂವರೆ ಸಾವಿರ ಆಗುತ್ತೆ ಅಂದರು. ದಿನಕ್ಕೊಮ್ಮೆ ಬದಲಾಗುವ ಅಂಕಿಗೆ ವೆಬ್‌ಸಾಕೆಟ್ ಯಾಕೆ ಸ್ವಾಮಿ?

ಮೊದಲು ಎಲ್ಲರಂತೆ ಮಾಡಿದ್ದೆ. ಪುಟ ತೆರೆದಾಗಲೆಲ್ಲ ಸರ್ವರ್‌ನ ಪಿಎಚ್‌ಪಿ ಕೋಡ್ ಹೋಗಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಕೇಳಿ, ಅಂಕಿಗಳನ್ನು ಜೇಸನ್ ಎಂಬ ಪಠ್ಯ ರೂಪದಲ್ಲಿ ಕೊಡುತ್ತಿತ್ತು. 2024ರ ಜುಲೈನಲ್ಲಿ ಕಟ್ಟೆ ತುಂಬುವ ಹೊತ್ತಿಗೆ ಲಿಂಕು ವಾಟ್ಸಾಪ್‌ನಲ್ಲಿ ಊರೂರು ಸುತ್ತಿತು. ಡೇಟಾಬೇಸ್ ಕನೆಕ್ಷನ್ ಮಿತಿ ಮುಗಿದು ಗ್ರಾಫ್ ಜಾಗ ಬಿಳಿ ಬಿಳಿ. ಹೋಸ್ಟಿಂಗ್‌ನವರು ದೊಡ್ಡ ಪ್ಲಾನ್ ತಗೊಳ್ಳಿ ಅಂದರು, ವರ್ಷಕ್ಕೆ ಇನ್ನೂ ಏಳೆಂಟು ಸಾವಿರ.

ತಗೊಳ್ಳಲಿಲ್ಲ. ಅಂಗಡಿ ಹುಡುಗ ಬೆಳಗ್ಗೆ ಫಾರ್ಮ್‌ನಲ್ಲಿ ಅಂಕಿ ತುಂಬುತ್ತಾನಲ್ಲ, ಸೇವ್ ಒತ್ತಿದ ತಕ್ಷಣ ಪೂರ್ತಿ ಜೇಸನ್ ಫೈಲೇ ಬರೆದುಬಿಡುವಂತೆ ಮಾಡಿದೆ. ಬೇರೆ ಹೆಸರಿನಲ್ಲಿ ಬರೆದು ಆಮೇಲೆ ರೀನೇಮ್, ಇಲ್ಲದಿದ್ದರೆ ಯಾರಿಗಾದರೂ ಅರ್ಧ ಫೈಲ್ ಸಿಗುತ್ತೆ. ನೋಡುವವರು ಎಷ್ಟೇ ಬರಲಿ, ಡೇಟಾಬೇಸ್‌ಗೆ ಗೊತ್ತೇ ಆಗಲ್ಲ. ಪುಟ ಆ ಫೈಲ್ ತರಿಸಿಕೊಳ್ಳುವ ಫೆಚ್‌ನಲ್ಲಿ ಕ್ಯಾಶ್ 'ನೋ-ಕ್ಯಾಶ್' ಇಡಿ, ಬ್ರೌಸರ್ ಹಳೆ ಪ್ರತಿ ಬಳಸುವ ಮುಂಚೆ ಪ್ರತಿ ಸಲ ಸರ್ವರ್ ಕೇಳುತ್ತದೆ. ಬದಲಾಗದಿದ್ದರೆ ಸರ್ವರ್ ಬರೀ 304, ಅಂದರೆ 'ಬದಲಾಗಿಲ್ಲ', ಅಂದು ಸುಮ್ಮನಾಗುತ್ತದೆ.

ಜಾಸ್ತಿ ಉಳಿದದ್ದು ಫೈಲ್ ಸೈಜಿನಲ್ಲಿ. ಇಪ್ಪತ್ತು ವರ್ಷದ ದಿನದ ಲೆಕ್ಕ, ಪ್ರತಿ ಸಾಲಿಗೂ ತಾರೀಖು, ಮಟ್ಟ ಅಂತ ಹೆಸರು ಬರೆದರೆ ಆರುನೂರು ಕೆಬಿ ದಾಟಿತ್ತು. ದಿನಕ್ಕೊಂದೇ ಅಂಕಿ ತಾನೆ? ಮೊದಲ ತಾರೀಖು ಒಂದು, ಆಮೇಲೆ ಮಟ್ಟ, ಒಳಹರಿವು, ಹೊರಹರಿವಿಗೆ ಒಂದೊಂದರಂತೆ ಮೂರು ಪಟ್ಟಿ ಬರೀ ಅಂಕಿ. ನೂರಮೂವತ್ತಕ್ಕೆ ಇಳಿಯಿತು, ಜಿಜಿಪ್‌ನಲ್ಲಿ (ಕಳಿಸುವಾಗ ಫೈಲ್ ಕುಗ್ಗಿಸುವ ವಿಧಾನ) ಕುಗ್ಗಿದ ಮೇಲೆ ಐವತ್ತರ ಹತ್ತಿರ. ಅಂಕಿ ಇಲ್ಲದ ದಿನಕ್ಕೆ ನಲ್ (ಖಾಲಿ ಎಂಬ ಗುರುತು) ಹಾಕಿ, ಸೊನ್ನೆ ಬೇಡ. ಸೊನ್ನೆ ಹಾಕಿದರೆ ಗ್ರಾಫ್‌ನಲ್ಲಿ ಕಟ್ಟೆ ಒಂದೇ ದಿನದಲ್ಲಿ ಬರಿದಾಗುತ್ತದೆ, ಫೋನ್ ನಿಲ್ಲಲ್ಲ!

ಡೇಟಾಬೇಸ್‌ನ ಡೆಸಿಮಲ್ ಕಾಲಂ ಪಿಎಚ್‌ಪಿಯಿಂದ ಸಂಖ್ಯೆಯಾಗಿ ಅಲ್ಲ, ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಬರುತ್ತದೆ. ಹಾಗೇ ಸಾರ್ಟ್ ಮಾಡಿದರೆ ಮೊದಲ ಅಕ್ಷರ ನೋಡಿ 98 ಅಡಿ 124ಕ್ಕಿಂತ ಮೇಲೆ ಕೂರುತ್ತದೆ. ತಾರೀಖಿನ ಕಾಟ ಬೇರೆ. '2023-08-01' ಅಂತ ಬರೀ ದಿನ ಕೊಟ್ಟರೆ ಬ್ರೌಸರ್‌ನ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಪ್ರಕಾರದ ಮಧ್ಯರಾತ್ರಿ ಎಂದುಕೊಳ್ಳುತ್ತದೆ. ಇಲ್ಲಿ ಬೆಳಗ್ಗೆ ಐದೂವರೆ, ದಿನ ಅದೇ. ಅಮೆರಿಕದಲ್ಲಿರುವ ನಮ್ಮೂರಿನವರೊಬ್ಬರಿಗೆ ಮಾತ್ರ ಗ್ರಾಫ್ ಒಂದು ದಿನ ಹಿಂದಿತ್ತು.

2023ರ ಬರ, 2024ರ ತುಂಬಿದ ಕಟ್ಟೆ, ಎರಡೂ ಗೆರೆ ಒಂದರ ಮೇಲೊಂದು ಬರುವುದನ್ನು ರೈತರು ತುಂಬಾ ಇಷ್ಟಪಟ್ಟರು. ಫೆಬ್ರವರಿ 29 ಬಂದಾಗಲೂ ಗೆರೆ ಜಾರದಂತೆ ಹೇಗೆ ಕೂರಿಸಿದೆ ಅನ್ನೋದು ನನ್ನಲ್ಲೇ ಇರಲಿ, ಅದೇ ನನ್ನ ಅನ್ನ.

ಇದೇ ಹುಮ್ಮಸ್ಸಿನಲ್ಲಿ ಆಲೆಮನೆಯ ಕೊಪ್ಪರಿಗೆಗೂ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಇಳಿಬಿಟ್ಟೆ. ಸೆಕೆಂಡಿಗೊಂದು ಅಂಕಿ, ಒಂದು ಪಾಕಕ್ಕೆ ಹತ್ತು ಸಾವಿರದ ಹತ್ತಿರ. ಫೋನು ಮುಕ್ಕರಿಯಿತು. ಗ್ರಾಫ್ ಬಿಡಿಸುವ ಚಾರ್ಟ್ ಜೆಎಸ್‌ನಲ್ಲಿ ಬಿಂದುಗಳನ್ನು ಕಡಿಮೆ ಮಾಡುವ ಡೆಸಿಮೇಶನ್ ಹಾಕಿದೆ, ಅದರ 'ಪಾರ್ಸಿಂಗ್' ಸೆಟ್ಟಿಂಗ್ ಫಾಲ್ಸ್ ಮಾಡುವವರೆಗೆ ಅದು ಕೆಲಸವೇ ಮಾಡಲಿಲ್ಲ. ಹಬೆಗೆ ಎರಡು ಬೋರ್ಡ್ ಸತ್ತು ಸಾವಿರದಷ್ಟು ಹೋಯಿತು. ಬೆಲ್ಲ ಇಳಿಸುವ ಯಜಮಾನರು ಗ್ರಾಫ್ ಕಡೆ ತಿರುಗಿಯೂ ನೋಡಲಿಲ್ಲ.

ಕಟ್ಟೆ ಪುಟ 2025ರಲ್ಲಿ ಜೂನ್ ಕೊನೆಗೇ ನೀರು ತುಂಬಿದಾಗಲೂ ಬೀಳಲಿಲ್ಲ. ಹೋಸ್ಟಿಂಗ್ ಬಿಲ್ಲು ಈಗಲೂ ವರ್ಷಕ್ಕೆ ಮೂರು ಸಾವಿರದ ಒಳಗೆ. ನಕ್ಕವರಲ್ಲಿ ಒಬ್ಬರು ಮೊನ್ನೆ ಕೋಡ್ ಕೇಳಿದರು. ಕೊಟೇಶನ್ ಕಳಿಸಿದ್ದೇನೆ.