ಕೇಳಬೇಕಾದ್ದು ರೋಗಿಯನ್ನೇ

ಅಂಗವೈಕಲ್ಯವಿರುವ ರೋಗಿಗೆ ಔಷಧ ವಿವರಿಸುವುದು ಹೇಗೆ ಎಂಬ ಪಾಠವನ್ನು ಫಾರ್ಮ್ ಡಿ (ಫಾರ್ಮಸಿಯ ಪದವಿ ಕೋರ್ಸ್) ವಿದ್ಯಾರ್ಥಿಗಳಿಗೆ ನಾನು ಸ್ಲೈಡ್ ಹಾಕಿ ಶುರು ಮಾಡುವುದಿಲ್ಲ. ಮಾತ್ರೆಯ ಸ್ಟ್ರಿಪ್, ಕಣ್ಣಿನ ಡ್ರಾಪ್ಸ್, ಒತ್ತಿ ತಿರುಗಿಸುವ ಮುಚ್ಚಳದ ಡಬ್ಬಿ ಮೇಜಿನ ಮೇಲಿಟ್ಟು, ಬಲಗೈ ಬಳಸದೆ ಬಿಚ್ಚಿ ಎನ್ನುತ್ತೇನೆ. ಸ್ಟ್ರಿಪ್ ಜಾರುತ್ತದೆ, ಕೆಲವರು ಹಲ್ಲಿನಿಂದ ಹರಿಯುತ್ತಾರೆ, ಮಾತ್ರೆ ಸಿಡಿದು ಬೆಂಚಿನಡಿ ಸೇರುತ್ತದೆ. ಲಕ್ವ ಹೊಡೆದವರಿಗೆ ಇದು ದಿನಾ ಮಾಡಬೇಕಾದ ಕೆಲಸ.

ಇಷ್ಟಕ್ಕೇ ನಿಲ್ಲಿಸಿದರೆ ಹುಡುಗರಲ್ಲಿ ಉಳಿಯುವುದು ಬರೀ ಕನಿಕರ. ಹಾಗಾಗಿ ಮುಂದಿನ ತರಗತಿಗೆ ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಬಳಸುವವರನ್ನು ಕರೆಸುತ್ತೇನೆ. ಅವರೂ ಪಾಠ ಮಾಡಲೆಂದೇ ಬರುವುದು, ಆದ್ದರಿಂದ ಬೇರೆ ಅತಿಥಿ ಉಪನ್ಯಾಸಕರಷ್ಟೇ ಗೌರವಧನ. ಹಾಗೆ ಬಂದ ಒಬ್ಬರಿಗೆ ವಿದ್ಯಾರ್ಥಿನಿಯೊಬ್ಬಳು, "ನೀರು ಚೆನ್ನಾಗಿ ಕುಡೀರಿ ಸರ್" ಎಂದಳು. "ಹೊರಗೆ ಹೋಗೋ ದಿನ ಬೆಳಗ್ಗೆಯಿಂದ ನೀರೇ ಮುಟ್ಟಲ್ಲಮ್ಮ. ಗಾಡಿ ಒಳಗೆ ಹೋಗೋ ಟಾಯ್ಲೆಟ್ ಎಲ್ಲಿದೆ, ಹೇಳು" ಎಂದರು. ಮೂತ್ರದ ಸೋಂಕು ಯಾಕೆ ಮರುಕಳಿಸುತ್ತದೆ, ಮಲಬದ್ಧತೆ ಯಾಕೆ ಬಿಡುವುದಿಲ್ಲ, ಮೂತ್ರ ಹೆಚ್ಚಿಸುವ ಫ್ರೂಸಮೈಡ್ ಮಾತ್ರೆ ಕೊಟ್ಟರೆ ಯಾವ ಹೊತ್ತಿಗೆ ತೆಗೆದುಕೊಳ್ಳಲು ಹೇಳಬೇಕು ಎಂಬ ಚರ್ಚೆ ಆ ಒಂದು ಉತ್ತರದಿಂದಲೇ ಬೆಳೆಯಿತು. ಅಷ್ಟು ಚೆನ್ನಾಗಿ ಅದನ್ನು ಕಲಿಸಲು ನನ್ನಿಂದ ಆಗುತ್ತಿರಲಿಲ್ಲ.

ಬ್ಯಾಕ್ಲೋಫೆನ್ ಬಗ್ಗೆ ಮಾತ್ರ ನಾನು ಒತ್ತಿ ಹೇಳುತ್ತೇನೆ. ಸ್ನಾಯು ಬಿಗಿತಕ್ಕೆ ಇದನ್ನು ಬಹುಕಾಲ ತೆಗೆದುಕೊಂಡವರು ದಿಢೀರನೆ ನಿಲ್ಲಿಸಿದರೆ ಬಿಗಿತ ಉಲ್ಬಣಿಸುತ್ತದೆ, ಭ್ರಮೆ ಕಾಣಿಸಿಕೊಳ್ಳಬಹುದು, ಫಿಟ್ಸ್ ಬರಬಹುದು. ಮೆಡಿಕಲ್ ಶಾಪಿಗೆ ಮೂರು ಮೆಟ್ಟಿಲಿದ್ದು, ಮಾತ್ರೆ ಮುಗಿದ ದಿನ ತಂದುಕೊಡುವವರಿಲ್ಲದಿದ್ದರೆ? ಆ ಮೆಟ್ಟಿಲೂ ಔಷಧದ ಸಮಸ್ಯೆಯೇ. ನುಂಗಲು ಕಷ್ಟವೆಂದು ಔಷಧವನ್ನು ನಿಧಾನವಾಗಿ ಬಿಡುವ, ಪುಡಿ ಮಾಡಬಾರದ ಮಾತ್ರೆಯನ್ನೇ ಮನೆಯವರು ಪುಡಿ ಮಾಡುತ್ತಿರುತ್ತಾರೆ. ಕೇಳದೆ ಅದು ಗೊತ್ತಾಗುವುದೇ ಇಲ್ಲ.

ರೋಗಿಗೆ ಔಷಧ ವಿವರಿಸುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳೇ ಹೇಳುತ್ತವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಇವೆರಡನ್ನೂ ಓದಿಸುತ್ತೇನೆ, ಪರೀಕ್ಷೆಗೆ ಬೇಕು. ಆದರೆ ಅಂಕ ನಾನು ಕೊಡುವುದು ಬೇರೆಯದಕ್ಕೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ವೀಲ್‌ಚೇರಿನಲ್ಲಿ ಒಬ್ಬರು, ಹಿಂದೆ ತಳ್ಳುವವರೊಬ್ಬರು ಇರುತ್ತಾರೆ. "ಇವರಿಗೆ ಊಟ ಆಯ್ತಾ?" ಎಂದು ಹಿಂದಿನವರನ್ನು ಕೇಳಿದರೆ ಅಂಕ ಹೋಯಿತು. ಕೌಂಟರ್ ದಾಟಿ ಬಂದು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, "ಈ ಮಾತ್ರೆ ಮನೇಲಿ ಹೇಗೆ ಬಿಚ್ತೀರಿ, ಸ್ವಲ್ಪ ತೋರಿಸ್ತೀರಾ?" ಎಂದವರಿಗೆ ಪೂರ್ತಿ ಅಂಕ.