ವಯಸ್ಸಾದ ಅಮ್ಮನಿಗೆ ಕೀಮೋ: ಹೂಂ ಅನ್ನುವ ಮುಂಚೆ, ಬೇಡ ಅನ್ನುವ ಮುಂಚೆ

ಎಪ್ಪತ್ತು ದಾಟಿದ ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ, ಈಗ ಡಾಕ್ಟರು ಕೀಮೋ ಮಾತೆತ್ತಿದ್ದಾರೆ ಅಂದ ಕೂಡಲೇ ಮನೆಯಲ್ಲಿ ಎರಡು ಗುಂಪಾಗುತ್ತದೆ. "ಈ ವಯಸ್ಸಲ್ಲಿ ಯಾಕೆ ಹಿಂಸೆ" ಅನ್ನುವವರು ಒಂದು ಕಡೆ, "ದುಡ್ಡು ಹೋದರೆ ಹೋಗಲಿ, ಎಲ್ಲಾ ಮಾಡಿಸೋಣ" ಅನ್ನುವವರು ಇನ್ನೊಂದು ಕಡೆ. ಎಷ್ಟೋ ಸಲ ಇಬ್ಬರೂ ರಿಪೋರ್ಟ್ ಓದಿರುವುದೇ ಇಲ್ಲ. ಮೊದಲು ಅದನ್ನು ತೆಗೆದು ಇಆರ್, ಪಿಆರ್, ಹರ್-2 ಅನ್ನುವ ಸಾಲುಗಳನ್ನು ನೋಡಿ. ಮೊದಲೆರಡು ಗಡ್ಡೆ ಹಾರ್ಮೋನಿನಿಂದ ಬೆಳೆಯುವ ಬಗೆಯದಾ ಅಂತ ಹೇಳುತ್ತವೆ, ಹರ್-2 ಗಡ್ಡೆ ಬೆಳೆಸುವ ಒಂದು ಪ್ರೋಟೀನ್. ಹರ್-2 ಮುಂದೆ 2+ ಅಂತಿದ್ದರೆ ಫಿಶ್ ಅನ್ನುವ ಇನ್ನೊಂದು ಟೆಸ್ಟ್ ಬೇಕು, ಅದು ಬರುವ ತನಕ ವಾದ ಮಾಡಿ ಪ್ರಯೋಜನವಿಲ್ಲ.

ಇಆರ್ ಪಾಸಿಟಿವ್, ಹರ್-2 ನೆಗೆಟಿವ್ ಆಗಿದ್ದರೆ ಸ್ವಲ್ಪ ಉಸಿರಾಡಿ. ವಯಸ್ಸಾದವರಲ್ಲಿ ಜಾಸ್ತಿ ಕಾಣುವುದು ಈ ಬಗೆಯೇ. ಇಲ್ಲಿ ಮುಖ್ಯ ಔಷಧಿ ಲೆಟ್ರೋಜೋಲ್ ಅಥವಾ ಅನಾಸ್ಟ್ರೋಜೋಲ್ ಅನ್ನುವ ಹಾರ್ಮೋನ್ ಮಾತ್ರೆ, ದಿನಕ್ಕೊಂದರಂತೆ ಸಾಮಾನ್ಯವಾಗಿ 5 ವರ್ಷ. ಅದರ ಮೇಲೆ ಕೀಮೋ ಕೊಟ್ಟರೆ ಎಷ್ಟು ಲಾಭ ಅನ್ನುವುದೇ ಪ್ರಶ್ನೆ, ಎಷ್ಟೋ ಜನರಿಗೆ ಅದು ತೀರಾ ಕಡಿಮೆ. ಮುಟ್ಟು ನಿಂತವರಲ್ಲಿ, ಕಂಕುಳಿನ ಲಿಂಫ್ ಗಂಟುಗಳಿಗೆ ಹರಡಿಲ್ಲದಿದ್ದರೆ ಅಥವಾ ಮೂರರ ತನಕ ಮಾತ್ರ ಹರಡಿದ್ದರೆ, ಆಂಕೋಟೈಪ್ ಡಿಎಕ್ಸ್ (ಗಡ್ಡೆಯ ಜೀನ್ ನೋಡಿ ಕಾಯಿಲೆ ಮರಳುವ ಸಾಧ್ಯತೆ ಅಳೆಯುವ ಟೆಸ್ಟ್) ಸ್ಕೋರ್ 25 ಅಥವಾ ಅದಕ್ಕಿಂತ ಕಡಿಮೆ ಬಂದಾಗ ಕೀಮೋದಿಂದ ಹೆಚ್ಚಿನ ಲಾಭ ಕಂಡಿಲ್ಲ. ಆ ಟೆಸ್ಟ್ ದುಬಾರಿ. ಬೆಂಗಳೂರಿನಲ್ಲೇ ತಯಾರಾದ ಕ್ಯಾನ್‌ಅಸಿಸ್ಟ್ ಅನ್ನುವ ಅಂಥದ್ದೇ ಟೆಸ್ಟ್ ಅದಕ್ಕಿಂತ ಅಗ್ಗ, ಅಮ್ಮನಿಗೆ ಹೊಂದುತ್ತದಾ ಅಂತ ಕೇಳಿ.

ಮೂರೂ ನೆಗೆಟಿವ್, ಅಂದರೆ ಟ್ರಿಪಲ್ ನೆಗೆಟಿವ್ ಆದರೆ ಲೆಕ್ಕವೇ ಬೇರೆ. ಹಾರ್ಮೋನ್ ಮಾತ್ರೆ ಕೆಲಸ ಮಾಡುವುದಿಲ್ಲ, ಆಪರೇಷನ್ ಬಿಟ್ಟರೆ ಕೀಮೋನೇ ದೊಡ್ಡ ಆಸರೆ. ಅಮ್ಮ ಗಟ್ಟಿಯಾಗಿದ್ದರೆ ಬರೀ ವಯಸ್ಸು ನೋಡಿ ಬೇಡ ಅನ್ನಬೇಡಿ. ಅಮೆರಿಕದಲ್ಲಿ 65 ದಾಟಿದ ಹೆಂಗಸರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲಿ ಕೀಮೋ ಬದಲು ಹಗುರ ಅಂತ ಕೆಪೆಸಿಟಾಬಿನ್ ಅನ್ನುವ ಕೀಮೋ ಮಾತ್ರೆ ತಗೊಂಡವರಲ್ಲಿ ಕಾಯಿಲೆ ಮರುಕಳಿಸುವ ಅಥವಾ ಸಾಯುವ ಅಪಾಯ ಸುಮಾರು ಎರಡು ಪಟ್ಟು ಇತ್ತು. ಹರ್-2 ಪಾಸಿಟಿವ್ ಆದರೆ ಆ ಪ್ರೋಟೀನನ್ನೇ ಗುರಿ ಮಾಡುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಇರುತ್ತದೆ. ಗಡ್ಡೆ ಚಿಕ್ಕದಾಗಿದ್ದರೆ ಜೊತೆಗೆ ವಾರಕ್ಕೊಂದು ಪ್ಯಾಕ್ಲಿಟ್ಯಾಕ್ಸೆಲ್, 12 ವಾರ, ಇಷ್ಟೇ ಕೀಮೋ ಸಾಕಾಗಬಹುದು. ಶುರುವಿಗೆ ಮುಂಚೆ ಎಕೋ ಮಾಡಿಸಲೇಬೇಕು, ಈ ಇಂಜೆಕ್ಷನ್ ಹೃದಯಕ್ಕೆ ತೊಂದರೆ ಕೊಡಬಲ್ಲದು.

ಆಮೇಲೆ ಮೈ ತಡೆಯುತ್ತದಾ ಅನ್ನುವುದು. 65 ದಾಟಿದವರಿಗೆ ಕೀಮೋ ಕೊಡುವ ಮುಂಚೆ ವಯಸ್ಸಾದವರ ಶಕ್ತಿ, ಆರೋಗ್ಯ ಎಲ್ಲಾ ಒಟ್ಟಿಗೆ ಅಳೆಯುವ ಜೆರಿಯಾಟ್ರಿಕ್ ಅಸೆಸ್‌ಮೆಂಟ್ ಮಾಡಿ ಅಂತ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2018ರಿಂದ ಹೇಳುತ್ತಿದೆ. ನಮ್ಮಲ್ಲಿ ಗಿಜಿಗುಡುವ ಓಪಿಡಿಯಲ್ಲಿ ಅದಕ್ಕೆ ಪುರುಸೊತ್ತು ಎಲ್ಲಿ? ನೀವೇ ಕೇಳಿ ಮಾಡಿಸಿ. ಅದರಲ್ಲೊಂದು ಪರೀಕ್ಷೆ ಇದೆ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು, ಅಷ್ಟೇ. ಕೈ ಊರದೆ ಏಳುತ್ತಾರಾ, ತಿರುಗುವಾಗ ವಾಲುತ್ತಾರಾ ಅನ್ನುವುದರಲ್ಲೇ ಬಹಳಷ್ಟು ತಿಳಿಯುತ್ತದೆ. ಕಳೆದ ವರ್ಷದಲ್ಲಿ ಬಿದ್ದಿದ್ದಾರಾ, ತೂಕ ಇಳಿದಿದೆಯಾ, ಕಿಡ್ನಿ ಹೇಗಿದೆ, ಮರೆವು ಇದೆಯಾ, ಎಲ್ಲಾ ಹೇಳಿ. ಬಿಪಿ ಶುಗರ್ ಮಾತ್ರೆಗಳ ಜೊತೆ, ಯಾರೋ ಹೇಳಿದರು ಅಂತ ಕುಡಿಯುತ್ತಿರುವ ಕಷಾಯವನ್ನೂ ಮುಚ್ಚಿಡಬೇಡಿ. ಶುಗರ್‌ನಿಂದ ಆಗಲೇ ಪಾದ ಜೋಮು ಹಿಡಿಯುತ್ತಿದ್ದರೆ ಅದನ್ನಂತೂ ಹೇಳಲೇಬೇಕು, ಯಾಕೆಂದರೆ ಪ್ಯಾಕ್ಲಿಟ್ಯಾಕ್ಸೆಲ್ ಅದನ್ನು ಹೆಚ್ಚು ಮಾಡಬಹುದು, ಕೊನೆಗೆ ರವಿಕೆಯ ಹುಕ್ಕು ಹಾಕಿಕೊಳ್ಳುವುದಕ್ಕೂ ಇನ್ನೊಬ್ಬರು ಬೇಕಾಗಬಹುದು.

ಡಾಕ್ಟರ ಹತ್ತಿರ ಒಂದು ಪ್ರಶ್ನೆ ಹೀಗೇ ಕೇಳಿ: "ಅಮ್ಮನಂಥ ನೂರು ಜನ ಕೀಮೋ ತಗೊಂಡರೆ ಎಷ್ಟು ಜನಕ್ಕೆ ಉಪಯೋಗ ಡಾಕ್ಟ್ರೇ?" ಸುಮ್ನೆ "ಶೇಕಡಾ 30 ಅಪಾಯ ಕಡಿಮೆ" ಅಂದರೆ ಅರ್ಥವಾಗಲ್ಲ. ನೂರರಲ್ಲಿ ಹತ್ತು ಜನಕ್ಕೆ ಮರಳಬಹುದಾಗಿದ್ದ ಕಾಯಿಲೆ ಏಳು ಜನಕ್ಕೆ ಮರಳುತ್ತದೆ ಅಂದರೂ ಅದು ಶೇಕಡಾ 30ರ ಇಳಿಕೆಯೇ, ಆದರೆ ಲಾಭ ಆಗುವುದು ಮೂರೇ ಜನಕ್ಕೆ. ಈ ಲಾಭವನ್ನು ಅಂದಾಜು ಮಾಡುವ, ಬ್ರಿಟನ್ನಿನ ಪ್ರೆಡಿಕ್ಟ್ ಅನ್ನುವ ಉಚಿತ ಆನ್‌ಲೈನ್ ಲೆಕ್ಕಾಚಾರ ಇದೆ, ಡಾಕ್ಟರ ಜೊತೆ ಕೂತೇ ನೋಡಿ.

ಇಷ್ಟೆಲ್ಲಾ ಆದರೂ ಅಮ್ಮನನ್ನು ಕೇಳಿಲ್ಲ ಅಲ್ವಾ? "ಅಮ್ಮನಿಗೆ ಹೇಳಬೇಡಿ, ತಡ್ಕೊಳ್ಳಲ್ಲ" ಅಂತ ಬಾಗಿಲ ಹೊರಗೆ ಡಾಕ್ಟರಿಗೆ ಪಿಸುಗುಟ್ಟುವ ಮಕ್ಕಳು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಮೈ ಅವರದು. ಕೂದಲು ಉದುರಿದ ಮೇಲೆ ಹೇಗೂ ಗೊತ್ತಾಗುತ್ತದೆ. ಏನು ಮುಖ್ಯ ಅಂತ ಅವರನ್ನೇ ಕೇಳಿ. ಒಬ್ಬರು ಮೊಮ್ಮಗಳ ಮದುವೆ ನೋಡಬೇಕು, ಏನು ಬೇಕಾದರೂ ತಡೀತೀನಿ ಅನ್ನಬಹುದು, ಇನ್ನೊಬ್ಬರು ಯಾರ ಕೈಗೂ ಬೀಳದೆ ನನ್ನ ಅಡುಗೆ ನಾನೇ ಮಾಡಿಕೊಂಡಿದ್ದರೆ ಸಾಕು ಅನ್ನಬಹುದು, ಎರಡೂ ಸರಿಯೇ.

ಕೀಮೋ ಬೇಕು ಅಂತ ಆದರೆ ಮೊದಲ ಸೈಕಲ್, ಅಂದರೆ ಮೊದಲ ಸುತ್ತು, ಮುಗಿದ ಮೇಲೆ ಮತ್ತೆ ಕೂತು ಮಾತಾಡಿ. ಡೋಸ್ ಬದಲಾಯಿಸಬಹುದು, ನಿಲ್ಲಿಸಲೂಬಹುದು. ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಡೋಲೋ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ, ಬಿಳಿ ರಕ್ತಕಣ ಕುಸಿದಿರಬಹುದು, ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.